‘ನಯನಮನೋಹರ’ ಇಲ್ಲದೆ ವರ್ಣನೆ ಬರೆಸುವುದು ಹೇಗೆ? ಮೇಷ್ಟ್ರುಗಳು, ಪಾಲಕರು ಬನ್ನಿ

ಎರೆಮಣ್ಣು ಮೇಷ್ಟ್ರು, ಸೇಡಂ

ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಒಂಬತ್ತನೇ ಕ್ಲಾಸಿಗೆ ‘ನಮ್ಮೂರ ಜಾತ್ರೆ’ ಎಂದು ಪ್ರಬಂಧ ಕೊಟ್ಟಿದ್ದೆ. ಬಂದ ಹಾಳೆಗಳಲ್ಲಿ ಹೆಚ್ಚಿನವು ಶುರುವಾಗುವುದೇ ‘ನಮ್ಮೂರು ಪ್ರಕೃತಿಯ ಮಡಿಲಲ್ಲಿದೆ’ ಅಂತ. ಆಮೇಲೆ ಹಚ್ಚಹಸಿರಿನ ಬೆಟ್ಟಗುಡ್ಡ, ಜುಳುಜುಳು ಹರಿಯುವ ನದಿ, ಕೋಗಿಲೆಯ ಇಂಚರ. ಕೊನೆಗೆ ‘ಆ ದೃಶ್ಯ ನಯನಮನೋಹರವಾಗಿತ್ತು’.

ನಮ್ಮ ಕಡೆ ಬೆಟ್ಟ ಎಲ್ಲಿದೆ ಸ್ವಾಮಿ? ಶಾಲೆ ಗೇಟಿನಲ್ಲಿ ನಿಂತರೆ ಕಾಣುವುದು ತೊಗರಿ ಹೊಲ, ಅದರಾಚೆ ಫರಸಿ ಕಲ್ಲಿನ ಗಣಿ, ಇನ್ನೂ ಆಚೆ ಸಿಮೆಂಟ್ ಫ್ಯಾಕ್ಟರಿಯ ಚಿಮಣಿ. ಕಾಗಿಣಾ ನದಿ ಇದೆ, ಸರಿ. ಜಾತ್ರೆ ಹೊತ್ತಿಗೆ ಅದರಲ್ಲಿ ಜುಳುಜುಳು ಅನ್ನುವಷ್ಟು ನೀರಿದ್ದರೆ ನಾನೇ ಹೋಗಿ ಕಾಯಿ ಒಡೆಯುತ್ತೇನೆ.

ಮಕ್ಕಳ ಮೇಲೆ ಸಿಟ್ಟಿಲ್ಲ. ಗೈಡಿನಲ್ಲಿರುವುದು ಮಲೆನಾಡಿನ ವರ್ಣನೆ. ವರ್ಣನೆ ಅಂದರೆ ಅದೇ ಅಂತ ತಿಳಿದಿದ್ದಾರೆ. ಇದೇ ಹುಡುಗರು ಊಟದ ಬಿಡುವಿನಲ್ಲಿ ಜಾತ್ರೆ ಸುದ್ದಿ ಹೇಳುವುದನ್ನು ಕೇಳಬೇಕು. ತೇರಿಗೆ ಎಸೆದ ಉತ್ತತ್ತಿ ನೆತ್ತಿಗೆ ಬಡಿದದ್ದು, ಮಿರ್ಚಿ ಭಜಿ ಅಂಗಡಿ ಮುಂದೆ ಹೊಗೆಗೆ ಕಣ್ಣು ಉರಿದದ್ದು, ತಮ್ಮನ ಚಪ್ಪಲಿ ಕಳೆದು ಅವನು ಸುಡುವ ಡಾಂಬರಿನ ಮೇಲೆ ಕುಣಿದದ್ದು. ಪೆನ್ನು ಹಿಡಿದರೆ ಇದೆಲ್ಲ ಮಾಯ.

ಐದು ಇಂದ್ರಿಯದ ಕೋಷ್ಟಕ ಮಾಡಿಸಿ ನೋಡಿದೆ. ನೋಡಿದ್ದು, ಕೇಳಿದ್ದು, ಮೂಸಿದ್ದು, ಮುಟ್ಟಿದ್ದು, ತಿಂದದ್ದು. ಬಂದ ಉತ್ತರ ಹೀಗಿತ್ತು: ‘ಕಣ್ಣಿನಿಂದ ತೇರು ನೋಡಿದೆ. ಕಿವಿಯಿಂದ ಶಬ್ದ ಕೇಳಿದೆ. ಮೂಗಿನಿಂದ ವಾಸನೆ ಬಂತು.’ ಮೂಗಿನಿಂದಲೇ ವಾಸನೆ ಬಂದರೆ ಡಾಕ್ಟರ್ ಹತ್ತಿರ ಹೋಗಬೇಕು, ಅಲ್ವಾ?

ನೀವೆಲ್ಲ ಹೇಗೆ ಬರೆಸುತ್ತೀರಿ?

ಹತ್ತನೇ ಕ್ಲಾಸ್ ಅಮ್ಮ, ಕಲಬುರಗಿ

ಸರ್, ಬೇಜಾರು ಮಾಡ್ಕೋಬೇಡಿ. ಮೊದಲು ಮಾರ್ಕ್ಸ್ ವಿಷಯ ಹೇಳಿ. 2024ರಲ್ಲಿ ಎಸ್ಎಸ್ಎಲ್‌ಸಿ ಫಲಿತಾಂಶದಲ್ಲಿ ಯಾದಗಿರಿ ಕೊನೆ, 2025ರಲ್ಲಿ ನಮ್ಮ ಕಲಬುರಗಿ ಕೊನೆ. ಮನೆಯಲ್ಲಿ ಮಗನಿಗೆ ಪಾಸಾಗುವ ಚಿಂತೆ. ಗೈಡಿನ ಪ್ರಬಂಧ ಬಾಯಿಪಾಠ ಮಾಡಿದರೆ ಖಾತ್ರಿ ಅಂತ ಟ್ಯೂಷನ್‌ನಲ್ಲಿ ಹೇಳುತ್ತಾರೆ. ಸ್ವಂತ ಬರೆದು ಕಾಗುಣಿತ ತಪ್ಪಿದರೆ ಯಾರು ಹೊಣೆ?

ಕೆಂಪು ಪೆನ್ನು, ನಿವೃತ್ತ ಶಿಕ್ಷಕ

ಮೌಲ್ಯಮಾಪನಕ್ಕೆ ಕೂತವನಾಗಿ ಹೇಳುತ್ತೇನೆ ತಾಯಿ. ಪ್ರಥಮ ಭಾಷೆಯ 100 ಅಂಕದ ಪತ್ರಿಕೆಯಲ್ಲಿ ಪ್ರಬಂಧದ ಪಾಲು ದೊಡ್ಡದೇನಲ್ಲ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಇದ್ದರೆ ಗೈಡಿನ ಪ್ರಬಂಧಕ್ಕೂ ಅಂಕ ಸಿಗುತ್ತದೆ. ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಒಂದೇ ಗೈಡಿನ ಒಂದೇ ಸಾಲು ಕಟ್ಟುಗಟ್ಟಲೆ ಪತ್ರಿಕೆಗಳಲ್ಲಿ ಬಂದಾಗ ಕಣ್ಣು ಸುಮ್ನೆ ಜಾರಿ ಹೋಗುತ್ತದೆ. ನಡುವೆ ಒಬ್ಬ ಹುಡುಗಿ ‘ತೇರಿನ ಹಗ್ಗ ಹಿಡಿದ ಮೇಲೆ ನಮ್ಮಪ್ಪನ ಅಂಗೈ ಕೆಂಪಗಾಗಿತ್ತು’ ಎಂದು ಬರೆದರೆ ಅಲ್ಲಿ ಪೆನ್ನು ನಿಲ್ಲುತ್ತದೆ. ಒಂದು ಕಾಗುಣಿತ ತಪ್ಪಿದ್ದರೂ ಪೂರ್ತಿ ಅಂಕ ಕೊಡಲು ಮನಸ್ಸಾಗುತ್ತದೆ.

ಇನ್ನೊಂದು ಮಾತು. ಬಾಯಿಪಾಠ ಮಾಡಿದವನಿಗೆ ಬೇರೆ ವಿಷಯ ಬಂದರೆ ಅಲ್ಲಿಗೆ ಮುಗಿಯಿತು. ಪರಿಸರ ಮಾಲಿನ್ಯದ ಪ್ರಬಂಧ ಬಾಯಿಪಾಠ ಮಾಡಿದವನು ಗ್ರಂಥಾಲಯದ ಮಹತ್ವಕ್ಕೂ ಅದನ್ನೇ ತಿರುಗಿಸಿ ಬರೆದದ್ದನ್ನು ನೋಡಿದ್ದೇನೆ. ಗ್ರಂಥಾಲಯದಲ್ಲಿ ಓಝೋನ್ ಪದರ ತೂತಾಗಿತ್ತು.

ಸುರಪುರ ಟೀಚರ್

ನಾನು ಕಪ್ಪುಹಲಗೆಯ ಮೂಲೆಯಲ್ಲಿ ನಿಷೇಧಿತ ಪದಗಳ ಪಟ್ಟಿ ಹಾಕಿದ್ದೆ. ಸುಂದರ, ರಮಣೀಯ, ಮನೋಹರ, ಅದ್ಭುತ, ಕಣ್ಮನ ಸೆಳೆಯುವ. ಬರೆದರೆ ಮುಂದಿನ ದಿನ ಹಲಗೆ ಒರೆಸುವ ಕೆಲಸ. ಆಗ ಏನಾಯ್ತು ಗೊತ್ತಾ? ಎಲ್ಲರೂ ‘ಚೆಲುವಾದ’ ಅಂತ ಬರೆಯಲು ಶುರು ಮಾಡಿದರು. ಪದ ಕಿತ್ತುಕೊಂಡರೆ ಸಾಲದು, ಆ ಜಾಗಕ್ಕೆ ಏನು ಇಡಬೇಕು ಅಂತಲೂ ಹೇಳಿಕೊಡಬೇಕು.

ನನಗೆ ಉಪಯೋಗಕ್ಕೆ ಬಂದದ್ದು ದೂರದ ಲೆಕ್ಕ. ಮೇಷ್ಟ್ರ ಕೋಷ್ಟಕದಲ್ಲಿ ಕಣ್ಣು ಮೊದಲು, ನಾಲಿಗೆ ಕೊನೆ, ಎಲ್ಲವೂ ಒಂದೇ ಸಾಲಿನಲ್ಲಿವೆ. ನಿಜವಾಗಿ ಒಂದು ಜಾಗಕ್ಕೆ ಹೋಗುವಾಗ ಹಾಗೆ ಆಗುವುದಿಲ್ಲ. ಸಂಕ್ರಾಂತಿಗೆ ಯಾದಗಿರಿ ಹತ್ತಿರದ ಮೈಲಾಪುರ ಜಾತ್ರೆಗೆ ಹೋಗಿದ್ದೀರಾ? ಟ್ರ್ಯಾಕ್ಟರ್ ಇಳಿದು ನಡೆಯುವಾಗ ಗುಡ್ಡ ಕಾಣುತ್ತದೆ, ಜನ ಚುಕ್ಕೆಚುಕ್ಕೆ. ಇನ್ನೂ ಸ್ವಲ್ಪ ಹೋದರೆ ಡೊಳ್ಳಿನ ಸದ್ದು, ‘ಏಳುಕೋಟಿಗೋ’ ಕೂಗು. ಇನ್ನೂ ಹತ್ತಿರವಾದರೆ ಭಂಡಾರದ ವಾಸನೆ. ಮೂಗಿನ ತುಂಬ ಅರಿಷಿಣ. ಗುಂಪಿನ ಒಳಗೆ ಹೋದ ಮೇಲೆ ಕಣ್ಣಿಗೆ ಏನೂ ಕಾಣಲ್ಲ. ಮುಂದಿನವನ ಬೆನ್ನು ಅಷ್ಟೇ. ಅಲ್ಲಿ ಇರುವುದು ಬೆವರು, ಕಂಬಳಿಯ ಚುಚ್ಚು, ಕುತ್ತಿಗೆಗೆ ಮೆತ್ತಿದ ಹಳದಿ ಪುಡಿ. ದರ್ಶನ ಮುಗಿಸಿ ಹೊರಗೆ ಬಂದು ಕೂತರೆ ಬಾಯಿಗೆ ಬೆಂಡು ಬತ್ತಾಸು.

ಇದನ್ನೇ ಮಕ್ಕಳಿಗೆ ಹೇಳುತ್ತೇನೆ. ದೂರದಿಂದ ಹತ್ತಿರಕ್ಕೆ ಬಾ. ಕಣ್ಣು, ಕಿವಿ ದೂರಕ್ಕೆ. ಮೂಗು ನಡುವೆ. ಚರ್ಮ, ನಾಲಿಗೆ ತೀರಾ ಹತ್ತಿರಕ್ಕೆ. ಹಾಗೆ ನಡೆದುಕೊಂಡು ಬಂದರೆ ಯಾವ ಇಂದ್ರಿಯ ಎಲ್ಲಿ ಬರಬೇಕೋ ಅಲ್ಲಿಗೆ ತಾನೇ ಬರುತ್ತದೆ. ಜಾತ್ರೆಯಲ್ಲಿ ಐದೂ ಸಿಕ್ಕವು, ಆದರೆ ಯಾವಾಗಲೂ ಐದೂ ಬರಬೇಕಂತಿಲ್ಲ. ರೈಲ್ವೆ ಸ್ಟೇಷನ್ ಬಗ್ಗೆ ಬರೆಯುವಾಗ ನಾಲಿಗೆಗೆ ಏನು ಕೆಲಸ?

ಭಜಿ ಪ್ರಿಯ

ಸ್ಟೇಷನ್‌ನಲ್ಲಿ ನಾಲಿಗೆಗೇ ಕೆಲಸ ಜಾಸ್ತಿ ಟೀಚರ್. ವಾಡಿ ಜಂಕ್ಷನ್‌ನಲ್ಲಿ ಗಾಡಿ ಕಾಯುತ್ತಾ ಕೂತು ನೋಡಿ.

ಶಹಾಪುರ ಸೈನ್ಸ್ ಸರ್

ಕನ್ನಡದವರ ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಐದು ಇಂದ್ರಿಯ ಎಂಬ ಲೆಕ್ಕವೇ ನಮ್ಮ ಕಡೆಗೆ ಸಾಲುವುದಿಲ್ಲ. ಮೇಷ್ಟ್ರೇ, ನಿಮ್ಮ ಕೋಷ್ಟಕದಲ್ಲಿ ಬಿಸಿಲನ್ನು ಎಲ್ಲಿ ಬರೆಯುತ್ತೀರಿ? ಮುಟ್ಟಿದ್ದು ಅಂತಲಾ? ಯಾರೂ ಕೈ ಚಾಚಿ ಬಿಸಿಲು ಮುಟ್ಟುವುದಿಲ್ಲ. ಮೇ ತಿಂಗಳಲ್ಲಿ 42 ಡಿಗ್ರಿ ದಾಟಿದಾಗ ಮೈಯೆಲ್ಲ ಅದೇ. ಅದಕ್ಕೇ ಅಲ್ವಾ ಬೇಸಿಗೆಯಲ್ಲಿ ನಮ್ಮ ಜಿಲ್ಲೆಗಳ ಸರ್ಕಾರಿ ಕಚೇರಿಗಳು ಬೆಳಗ್ಗೆ 8ಕ್ಕೇ ತೆರೆಯುವುದು.

ಬಿಸಿ, ತಣ್ಣಗೆ, ನೋವು, ಹಸಿವು, ಬಾಯಾರಿಕೆ, ತಲೆಸುತ್ತು, ಮೈಯ ಸಮತೋಲ, ಕಣ್ಣು ಮುಚ್ಚಿದ್ದರೂ ನಮ್ಮ ಕೈ ಎಲ್ಲಿದೆ ಎಂದು ಗೊತ್ತಾಗುವುದು. ಇವೆಲ್ಲಕ್ಕೂ ದೇಹದಲ್ಲಿ ಬೇರೆಬೇರೆ ವ್ಯವಸ್ಥೆ ಇದೆ. ಖಾರವನ್ನೇ ತೆಗೆದುಕೊಳ್ಳಿ. ಮಕ್ಕಳು ಅದನ್ನು ರುಚಿ ಎಂದು ಬರೆಯುತ್ತಾರೆ. ನಾಲಿಗೆಯ ರುಚಿಗಳು ಸಿಹಿ, ಹುಳಿ, ಉಪ್ಪು, ಕಹಿ, ಜೊತೆಗೆ ಉಮಾಮಿ, ಅಂದರೆ ಅಣಬೆ, ಟೊಮೆಟೊ ಸಾರಿನಲ್ಲಿ ಸಿಗುವಂಥ ರುಚಿ. ಖಾರ ಆ ಗುಂಪಿನದಲ್ಲ. ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ನೇರವಾಗಿ ಬಿಸಿ ಮತ್ತು ನೋವನ್ನು ಗುರುತಿಸುವ ನರಗಳನ್ನೇ ಕೆಣಕುತ್ತದೆ. ಬಾಯಿ ಸುಟ್ಟಿತು ಅಂತ ನಾವು ಹೇಳುವುದು ಬರೀ ಮಾತಲ್ಲ, ಮಿದುಳಿಗೆ ಹೋಗುವ ಸುದ್ದಿಯೇ ಅದು. ಇದನ್ನು ಬಿಡಿಸಿದ ಡೇವಿಡ್ ಜೂಲಿಯಸ್‌ಗೆ 2021ರ ವೈದ್ಯಕೀಯ ನೊಬೆಲ್ ಬಂತು. ಒತ್ತಡ, ಸ್ಪರ್ಶದ ಮೇಲೆ ಕೆಲಸ ಮಾಡಿದ ಆರ್ಡೆಮ್ ಪಟಪೂಟಿಯನ್ ಅವರಿಗೂ ಅದೇ ವರ್ಷ ಅದರಲ್ಲಿ ಪಾಲು ಸಿಕ್ಕಿತು.

ತರಗತಿಯಲ್ಲಿ ಮಾಡಲು ಸುಲಭವಾದ ಒಂದು ಪ್ರಯೋಗ ಇದೆ. ನಾಲ್ಕು ಕಾಳು ಜೀರಿಗೆ ಕೊಡಿ. ಮೂಗು ಬಿಗಿಯಾಗಿ ಹಿಡಿದು ಜಗಿಯಲಿ. ಬಾಯಲ್ಲಿ ತರಿತರಿ ಅಷ್ಟೇ, ಜೀರಿಗೆ ಅಂತ ಅನಿಸುವುದಿಲ್ಲ. ಮೂಗು ಬಿಟ್ಟ ಕೂಡಲೇ ಜೀರಿಗೆ ಬರುತ್ತದೆ. ನಾವು ರುಚಿ ಎನ್ನುವುದರಲ್ಲಿ ಹೆಚ್ಚು ಪಾಲು ಗಂಟಲ ಹಿಂದಿನಿಂದ ಮೂಗಿಗೆ ಏರುವ ವಾಸನೆ. ಇದಾದ ಮೇಲೆ ‘ರುಚಿಯಾಗಿತ್ತು’ ಅಂತ ಒಂದೇ ಪದ ಬರೆದು ಕೈ ತೊಳೆದುಕೊಳ್ಳಲು ಮಕ್ಕಳಿಗೇ ಮನಸ್ಸು ಬರುವುದಿಲ್ಲ.

ಎರೆಮಣ್ಣು ಮೇಷ್ಟ್ರು, ಸೇಡಂ

ಬಿಸಿಲಿನ ಮಾತು ಸರಿಯಾಗಿ ತಾಗಿತು. ಮಳೆ ವಾಸನೆ ಬಗ್ಗೆಯೂ ಸ್ವಲ್ಪ ಹೇಳಿ ಸರ್. ಎಲ್ಲರೂ ‘ಮಣ್ಣಿನ ಘಮ’ ಅಂತ ಬರೆದು ಬಿಟ್ಟುಬಿಡುತ್ತಾರೆ. ಮುಂದೆ ಏನು ಕೇಳಬೇಕು ಅಂತ ನನಗೂ ತಿಳಿಯುವುದಿಲ್ಲ.

ಶಹಾಪುರ ಸೈನ್ಸ್ ಸರ್

ಆ ವಾಸನೆಯಲ್ಲಿ ಮುಖ್ಯವಾದದ್ದು ಜಿಯೋಸ್ಮಿನ್ ಎಂಬ ವಸ್ತು. ಮಣ್ಣಿನ ಬ್ಯಾಕ್ಟೀರಿಯಾ ಅದನ್ನು ತಯಾರಿಸುತ್ತವೆ. ಮನುಷ್ಯನ ಮೂಗು ಅದನ್ನು ತೀರಾ ಕಡಿಮೆ ಪ್ರಮಾಣದಲ್ಲೂ ಹಿಡಿಯುತ್ತದೆ. ಒಣಗಿದ ಗಿಡಗಳಿಂದ ಮಣ್ಣು ಹೀರಿಕೊಂಡ ಎಣ್ಣೆಯೂ ಜೊತೆಗೆ ಸೇರುತ್ತದೆ. 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಇದಕ್ಕೆ ಪೆಟ್ರಿಕೋರ್ ಅಂತ ಹೆಸರಿಟ್ಟರು. 2015ರಲ್ಲಿ ಅಮೆರಿಕದ ಎಂಐಟಿಯಲ್ಲಿ ವೇಗದ ಕ್ಯಾಮೆರಾದಿಂದ ನೋಡಿದಾಗ ಹನಿ ಮಣ್ಣಿಗೆ ಬಿದ್ದ ತಕ್ಷಣ ಸಣ್ಣ ಗುಳ್ಳೆಗಳೆದ್ದು ಒಡೆದು ಗಾಳಿಗೆ ಹಾರುವುದು ಕಂಡಿತು. ಬಿರುಮಳೆಗಿಂತ ಹಗುರ ಮಳೆಗೆ ಅದು ಜಾಸ್ತಿ.

ಅಂದರೆ ಮಕ್ಕಳಿಗೆ ಕೇಳುವ ಪ್ರಶ್ನೆ: ವಾಸನೆ ಮೊದಲು ಬಂತೋ, ಹನಿ ಮೊದಲು ಬಿತ್ತೋ? ಜೋರು ಮಳೆ ಹಿಡಿದ ಮೇಲೆ ಆ ವಾಸನೆ ಎಲ್ಲಿ ಹೋಯಿತು? ಇನ್ನು ಎರೆ ಭೂಮಿ ಅಂದಮೇಲೆ ಬಿರುಕು ಇದೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಾಯಿ ಬಿಟ್ಟಿರುತ್ತದೆ. ನೀರು ಕುಡಿದ ಮೇಲೆ ಅದೇ ಮಣ್ಣು ಉಬ್ಬಿ ಮುಚ್ಚಿಕೊಳ್ಳುತ್ತದೆ, ಚಪ್ಪಲಿಗೆ ಅಂಟಿ ಕಾಲು ಎತ್ತಲು ಬಿಡುವುದಿಲ್ಲ. ಬೀದರ್ ಕಡೆಯ ಕೆಂಪು ಮಣ್ಣು ಹಾಗೆ ಮಾಡುವುದಿಲ್ಲ. ಅಲ್ಲಿ ನೀರು ಕೆಂಪಗೆ ಹರಿದು ಹೋಗುತ್ತದೆ. ಎರಡೂ ಕಡೆಯ ಮಕ್ಕಳು ‘ಮಣ್ಣಿನ ಘಮ’ ಅಂತಲೇ ಬರೆದರೆ ಹೇಗೆ?

ಕೋಟೆ ಹಿಂದಿನ ಮನೆ, ಬೀದರ್

ಮಣ್ಣಿನ ಮಾತು ಬಂತು, ಬೀದರ್ ಹೆಸರೂ ಬಂತು, ಇನ್ನು ಸುಮ್ಮನಿರಲು ಆಗುವುದಿಲ್ಲ. ನಮ್ಮ ಮನೆಯಲ್ಲಿ ಬಿದ್ರಿ ಕೆಲಸ, ಅಂದರೆ ಕಪ್ಪು ಲೋಹದ ಪಾತ್ರೆಯಲ್ಲಿ ಬೆಳ್ಳಿ ಕೂರಿಸುವ ಕೆಲಸ, ನಡೆಯುತ್ತದೆ. ಶಾಲೆ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಬಂದವರು ನೋಟ್‌ಬುಕ್ಕಿನಲ್ಲಿ ‘ಬಿದ್ರಿ ಕಲೆ ವಿಶ್ವವಿಖ್ಯಾತ, 2006ರಲ್ಲಿ ಜಿಐ ಟ್ಯಾಗ್’ ಅಂತ ಬರೆದುಕೊಂಡು ಹೊರಡುತ್ತಾರೆ. ಅದು ಇಂಟರ್ನೆಟ್ಟಿನಲ್ಲೂ ಇದೆಯಲ್ಲ. ಇಲ್ಲಿಗೆ ಬಂದು ಏನು ನೋಡಿದಿರಿ?

ಒಬ್ಬ ಟೀಚರ್ ಮಾತ್ರ ಬೇರೆ ಥರ ಮಾಡಿದರು. ಮಕ್ಕಳಿಗೆ ಮಾತಾಡಬೇಡಿ, ಬರೆಯಬೇಡಿ, ಒಂದೊಂದು ಮೂಲೆಯಲ್ಲಿ ಕೂತು ಒಂದೇ ಕೆಲಸ ನೋಡಿ ಅಂದರು. ಒಬ್ಬಳು ಕೂತದ್ದು ಕೆತ್ತುವವರ ಪಕ್ಕದಲ್ಲಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿ. ಕೆತ್ತುವ ಗೆರೆ ಕಾಣಲಿ ಅಂತ ಮೈಲುತುತ್ತಿನ ನೀರು ಹಚ್ಚಿ ಕಪ್ಪು ಮಾಡಿರುತ್ತಾರೆ. ಉಳಿ ಹೋದ ಕಡೆ ಬೂದಿ ಬಣ್ಣ ಏಳುತ್ತದೆ. ಆ ಗೆರೆಯಲ್ಲಿ ಬೆಳ್ಳಿ ತಂತಿ ಕೂರಿಸಿ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾರೆ. ತಂತಿ ಸಡಿಲ ಇದ್ದಾಗಿನ ಸದ್ದೇ ಬೇರೆ, ಪೂರ್ತಿ ಕೂತ ಮೇಲಿನ ಸದ್ದೇ ಬೇರೆ. ಕೆಲಸಗಾರ ಆ ಸದ್ದು ಕೇಳಿ ಮುಂದಕ್ಕೆ ಹೋಗುತ್ತಾನೆ. ಆಮೇಲೆ ಉಜ್ಜಿದಾಗ ಮೊದಲಿನ ಕಪ್ಪೆಲ್ಲ ಹೋಗಿ ಹೂಜಿ ಬೆಳ್ಳಗಾಗುತ್ತದೆ, ಬೆಳ್ಳಿ ಎಲ್ಲಿದೆ ಅಂತಲೇ ತಿಳಿಯುವುದಿಲ್ಲ. ಕೊನೆಗೆ ಬಿಸಿ ಮಾಡಿ ಕೋಟೆಯ ಹಳೇ ಮಣ್ಣು, ನವಸಾಗರ ಕಲಸಿದ ನೀರಿನಲ್ಲಿ ತಿಕ್ಕಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಆಗ ಏಳುವ ಘಾಟು ನೇರ ಮೂಗಿಗೆ. ಹೊಸಬರು ಹಿಂದಕ್ಕೆ ಸರಿಯುತ್ತಾರೆ.

ಆ ಹುಡುಗಿ ಬರೆದದ್ದು ಟೀಚರ್ ಆಮೇಲೆ ತೋರಿಸಿದರು. ‘ಸುತ್ತಿಗೆ ಸದ್ದು ಬದಲಾದಾಗ ಮಾಮಾ ನೋಡದೆಯೇ ಮುಂದಿನ ತಂತಿ ತೆಗೆದರು.’ ಸುಂದರ ಅನ್ನುವ ಪದ ಎಲ್ಲೂ ಇಲ್ಲ. ನಮ್ಮ ಮನೆಯವರಿಗೆ ಓದಿ ಹೇಳಿದೆ. ‘ಈ ಹುಡುಗಿ ಕೆಲಸ ಕಲಿಯುತ್ತಾಳೆ’ ಅಂದರು.

ಎಲ್ಲರಿಗೂ ಒಂದು ವಿನಂತಿ. ಬರುವಾಗ ಅರ್ಧ ಗಂಟೆ ಇಟ್ಟುಕೊಂಡು ಬನ್ನಿ. ಐದು ನಿಮಿಷದಲ್ಲಿ ಸೆಲ್ಫಿ ಆಗುತ್ತದೆ, ಪ್ರಬಂಧ ಆಗುವುದಿಲ್ಲ.

ಸುರಪುರ ಟೀಚರ್

ಆ ಸಾಲಿನ ಕೆಲಸ ಎಲ್ಲಿದೆ ನೋಡಿ ಮೇಷ್ಟ್ರೇ. ‘ಸದ್ದು ಕೇಳಿಸಿತು’ ಅಂತ ಅವಳು ಬರೆಯಲಿಲ್ಲ. ಸದ್ದಿನಿಂದ ಏನಾಯಿತು ಅಂತ ಬರೆದಳು. ‘ಬಿಸಿಲು ಬಹಳ ಇತ್ತು’ ಅಂದರೆ ನಂಬಬೇಕಾಗುತ್ತದೆ. ‘ಸೈಕಲ್ ಸೀಟಿನ ಮೇಲೆ ಒದ್ದೆ ಟವೆಲ್ ಹಾಕಿ ಕೂತೆ’ ಅಂದರೆ ನಂಬಿಸುವ ಅಗತ್ಯವೇ ಇಲ್ಲ. ನಾನು ಹಾಳೆ ತಿದ್ದುವಾಗ ವಿಶೇಷಣದ ಕೆಳಗೆ ಗೆರೆ ಎಳೆದು ಒಂದೇ ಪ್ರಶ್ನೆ ಬರೆಯುತ್ತೇನೆ: ‘ಅದಕ್ಕೆ ನೀನು ಏನು ಮಾಡಿದೆ?’

ತಾಂಡಾ ಶಾಲೆ, ಚಿಂಚೋಳಿ

ಎಲ್ಲ ಸರಿ. ಆದರೆ ಮಗುವಿನ ಹತ್ತಿರ ಪದವೇ ಇಲ್ಲದಿದ್ದರೆ? ನಮ್ಮ ಶಾಲೆಯಲ್ಲಿ ಮನೆಮಾತು ಲಂಬಾಣಿ. ಕೆಲವರ ಮನೆಯಲ್ಲಿ ದಖನಿ, ತೆಲಂಗಾಣದ ಗಡಿ ಹತ್ತಿರ ತೆಲುಗು. ಕನ್ನಡ ಶಾಲೆಯಲ್ಲಿ ಕಲಿತ ಭಾಷೆ. ಅದಕ್ಕೇ ಗೈಡಿನ ಸಾಲಿಗೆ ಜೋತು ಬೀಳುತ್ತಾರೆ. ಅದಾದರೂ ತಪ್ಪಿಲ್ಲದ ಕನ್ನಡ ಅಂತ ಧೈರ್ಯ.

ನಾನು ಮೊದಲು ಮನೆಮಾತಿನಲ್ಲೇ ಹೇಳಿಸುತ್ತೇನೆ. ಬರೆಯುವುದು ಆಮೇಲೆ. ಇನ್ನೊಂದು ಉಪಾಯ ವ್ಯಾಕರಣ ಪುಸ್ತಕದಲ್ಲೇ ಇದೆ. ಅನುಕರಣಾವ್ಯಯ. ಪಟಪಟ, ಸರಸರ, ಧಗಧಗ, ಚಟಚಟ. ಪರೀಕ್ಷೆಗೆ ಉದಾಹರಣೆ ಅಂತ ಬಾಯಿಪಾಠ ಮಾಡುತ್ತಾರೆ, ಪ್ರಬಂಧದಲ್ಲಿ ಒಮ್ಮೆಯೂ ಬಳಸುವುದಿಲ್ಲ. ನಾನು ಮಕ್ಕಳನ್ನು ಹೊರಗೆ ಕಳಿಸಿ ಹತ್ತು ನಿಮಿಷ ಕಿವಿಗೆ ಬಿದ್ದದ್ದನ್ನು ಬಾಯಲ್ಲಿ ಅನುಕರಿಸಲು ಹೇಳಿದೆ. ಒಣಗಿದ ತೊಗರಿ ಗಿಡ ಅಲ್ಲಾಡಿಸಿದಾಗ ಕಾಯಿಯೊಳಗಿನ ಕಾಳಿನ ಸದ್ದಿಗೆ ಒಬ್ಬ ‘ಛಳ್ಛಳ್’ ಅಂದ, ಇನ್ನೊಬ್ಬಳು ‘ಗಿಲಿಗಿಲಿ’ ಅಂದಳು. ಯಾರದ್ದು ಸರಿ ಅಂತ ಜಗಳ ಶುರುವಾಯಿತು. ಮತ್ತೆ ಹೋಗಿ ಗಿಡ ಅಲ್ಲಾಡಿಸಿ ಕೇಳಿದರು. ನನಗೆ ಬೇಕಾಗಿದ್ದು ಅದೇ ಜಗಳ.

ವಾಸನೆಗೂ ಕನ್ನಡದಲ್ಲಿ ಪದ ಬೇಕಾದಷ್ಟಿದೆ. ಕಮಟು, ಮುಗ್ಗಲು, ಘಾಟು, ಸೀದದ್ದು, ಹಸಿ, ನಾತ. ಮಕ್ಕಳು ಎಲ್ಲದಕ್ಕೂ ‘ಸುವಾಸನೆ, ದುರ್ವಾಸನೆ’ ಎರಡೇ ಬರೆಯುತ್ತಾರೆ. ಗೋಣಿಚೀಲದ ಮುಗ್ಗಲು, ಹಳೇ ಶೇಂಗಾದ ಕಮಟು ಮೂಸಿಸಿ ಹೆಸರು ಹೇಳಿದರೆ ಮರೆಯುವುದಿಲ್ಲ. ಶೇಂಗಾ ಅಲರ್ಜಿ ಯಾರಿಗಾದರೂ ಇದೆಯಾ ಅಂತ ಮನೆಯಲ್ಲಿ ಮೊದಲೇ ಕೇಳಿಕೊಳ್ಳಿ.

ಕೆಂಪು ಪೆನ್ನು, ನಿವೃತ್ತ ಶಿಕ್ಷಕ

ಆಡುಮಾತಿನ ಪ್ರಶ್ನೆಯೂ ಇಲ್ಲೇ ಬಂತು. ‘ಬಿಸಲು ಚುರುಗುಡ್ತದ’ ಎಂದು ಪರೀಕ್ಷೆಯಲ್ಲಿ ಬರೆದರೆ ಕೆಲವರು ತಪ್ಪು ಹಾಕುತ್ತಾರೆ. ನನ್ನ ಸಲಹೆ: ಕ್ರಿಯಾಪದದ ಕೊನೆ ಪುಸ್ತಕದ ಹಾಗೆ ಇರಲಿ, ಪದ ಮನೆಯದೇ ಇರಲಿ. ‘ಬಿಸಿಲು ಚುರುಗುಟ್ಟುತ್ತಿತ್ತು’ ಎನ್ನಲಿ. ಸಪ್ಪಳ, ಝಳ, ಪುಂಡಿ ಪಲ್ಯ, ಹಿಂಡಿ, ಫರಸಿ, ಇವಕ್ಕೆ ಯಾರೂ ಕೆಂಪು ಗೆರೆ ಎಳೆಯಬಾರದು. ಒಬ್ಬರು ‘ಹಿಂಡಿ’ಯನ್ನು ‘ಚಟ್ನಿಪುಡಿ’ ಎಂದು ತಿದ್ದಿದ್ದನ್ನು ಕಂಡು ನನಗೆ ಊಟವೇ ಸೇರಲಿಲ್ಲ.

ಮಾತಿನ ನಡುವೆ ಬಂದರೆ ಆಡುಮಾತು ಪೂರ್ತಿ ಇರಲಿ. ಅಜ್ಜಿ ಪುಸ್ತಕದ ಕನ್ನಡ ಮಾತಾಡಿದರೆ ಅವಳು ಅಜ್ಜಿಯಲ್ಲ, ಆಕಾಶವಾಣಿ.

ಬ್ರೈಲ್ ಗೆಳತಿ, ಕಲಬುರಗಿ

ಕಣ್ಣು ಕಾಣದ ಮಕ್ಕಳಿಗೆ ಪಾಠ ಮಾಡುತ್ತೇನೆ. ಇಲ್ಲಿ ಹೇಳಬೇಕಾದದ್ದು ಎರಡಿದೆ.

ಹುಟ್ಟಿನಿಂದ ಕಣ್ಣು ಕಾಣದ ಹುಡುಗ ‘ಹಚ್ಚಹಸಿರಿನ ಹೊಲ, ನೀಲಿ ಆಕಾಶ’ ಅಂತ ಬರೆಯುತ್ತಾನೆ. ಒಳ್ಳೆಯ ಅಂಕವೂ ಬರುತ್ತದೆ. ಯಾಕೆ ಹಾಗೆ ಬರೆದೆ ಅಂದರೆ ಪ್ರಬಂಧ ಅಂದರೆ ಹಾಗೇ ಅಲ್ವಾ ಅನ್ನುತ್ತಾನೆ. ನಿಮ್ಮ ಸೇಡಂ ಹುಡುಗರ ಕೋಗಿಲೆಗೂ ಇವನ ನೀಲಿ ಆಕಾಶಕ್ಕೂ ಏನು ವ್ಯತ್ಯಾಸ ಹೇಳಿ? ಇವನೇ ನಮ್ಮ ಹಾಸ್ಟೆಲ್‌ನಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳಿ ಇವತ್ತು ಅಡುಗೆಗೆ ಯಾರು ಬಂದಿದ್ದಾರೆ ಅಂತ ಹೇಳುತ್ತಾನೆ. ಕಾರಿಡಾರಿನ ಗಾಳಿಯ ಮೇಲೆ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಹೇಳುತ್ತಾನೆ. ಅದನ್ನು ಬರೆಯಬಹುದು ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ಎರಡನೆಯದು, ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ ‘ಕುರುಡರಿಗೆ ಹೇಗಿರುತ್ತದೆ ನೋಡಿ’ ಎನ್ನುವ ಆಟ ದಯವಿಟ್ಟು ಬೇಡ. ಹೊಸದಾಗಿ ಕಣ್ಣು ಕಟ್ಟಿಸಿಕೊಂಡವನಿಗೆ ಸಿಗುವುದು ಬರೀ ಹೆದರಿಕೆ. ನಮ್ಮ ಮಕ್ಕಳು ಹೆದರಿಕೊಂಡು ಬದುಕುತ್ತಿಲ್ಲ. ಗಮನ ಕಿವಿಗೆ ಹೋಗಲಿ ಅಂದರೆ ಕೂತಲ್ಲೇ ಎರಡು ನಿಮಿಷ ಕಣ್ಣು ಮುಚ್ಚಿಸಿ, ಸಾಕು.

ಎರೆಮಣ್ಣು ಮೇಷ್ಟ್ರು, ಸೇಡಂ

ಗಾಳಿಯ ಮೇಲೆ ಬಾಗಿಲು ಹೇಳುವ ಹುಡುಗನ ಪ್ರಬಂಧ ಓದಬೇಕು ಅನಿಸುತ್ತಿದೆ. ಅವನು ಒಪ್ಪಿದರೆ ಇಲ್ಲಿ ಹಾಕಿ.

ಹುಮನಾಬಾದ್ ಬಿ.ಎಡ್.

ನನ್ನದು ಉಲ್ಟಾ ತೊಂದರೆ. ಅಭ್ಯಾಸ ಪಾಠದಲ್ಲಿ ನರಸಿಂಹ ಝರಣಿ ಗುಹಾ ದೇವಸ್ಥಾನದ ಬಗ್ಗೆ ಬರೆಸಿದೆ. ಬೀದರ್ ಮಕ್ಕಳೆಲ್ಲ ಹೋಗಿರುತ್ತಾರೆ. ಗುಹೆಯೊಳಗೆ ಎದೆಮಟ್ಟದ ನೀರಿನಲ್ಲಿ ಸುಮಾರು 300 ಮೀಟರ್ ನಡೆಯಬೇಕು, ಮೇಲೆ ಬಾವಲಿ. ವರ್ಣನೆಗೆ ಅದಕ್ಕಿಂತ ಏನು ಬೇಕು? ಆದರೆ ಮಕ್ಕಳು ಎಲ್ಲವನ್ನೂ ತುಂಬಿದರು. ನೀರಿನ ತಂಪು, ಬಾವಲಿ ವಾಸನೆ, ಕರ್ಪೂರ, ಕತ್ತಲು, ಘಂಟೆ, ಒದ್ದೆ ಬಟ್ಟೆ, ಮುಂದಿನವರ ಬೆನ್ನು, ಕಾಲಿಗೆ ಕಲ್ಲು. ಓದಿದರೆ ದಿನಸಿ ಚೀಟಿ. ಎಲ್ಲ ಇದೆ, ಆದರೆ ಒಳಗೆ ಹೋದ ಹಾಗೆ ಅನಿಸುವುದಿಲ್ಲ. ಎಲ್ಲಿ ನಿಲ್ಲಿಸಬೇಕು?

ಸುರಪುರ ಟೀಚರ್

ಯಾರು ಹೋಗುತ್ತಿದ್ದಾರೆ ಅಂತ ಮೊದಲು ಕೇಳಿ. ಈಜು ಬಾರದ ಹುಡುಗನಿಗೆ ನೀರು ಎದೆಗೆ ಬಂದದ್ದು ಬಿಟ್ಟು ಬೇರೇನೂ ತಿಳಿಯುವುದಿಲ್ಲ. ಅಪ್ಪನ ಹೆಗಲ ಮೇಲೆ ಕೂತ ತಂಗಿಗೆ ಬಾವಲಿಯೇ ಎಲ್ಲ. ಹರಕೆ ಹೊತ್ತು ಬಂದ ಅಜ್ಜಿಗೆ ಎರಡೂ ಲೆಕ್ಕಕ್ಕಿಲ್ಲ.

ನಾನು ಬಸ್ ಸ್ಟ್ಯಾಂಡ್ ಕೊಡುತ್ತೇನೆ. ನಮ್ಮ ಯಾದಗಿರಿ ಜಿಲ್ಲೆಯಿಂದ ಕೂಲಿಗೆ ಬೆಂಗಳೂರು, ಪುಣೆ, ಮುಂಬೈಗೆ ಎಷ್ಟು ಮನೆಗಳು ಹೋಗುತ್ತವೆ ಅಂತ ನಿಮಗೇ ಗೊತ್ತು. ತರಗತಿಯಲ್ಲಿ ಅಂಥ ಮಕ್ಕಳಿರುತ್ತಾರೆ. ಒಂದೇ ಬಸ್ ಸ್ಟ್ಯಾಂಡ್, ರಾತ್ರಿ ಒಂಬತ್ತು ಗಂಟೆ. ಒಮ್ಮೆ ಕಾಲೇಜು ಸೇರಲು ಹೊರಟವಳಾಗಿ ಬರೆ. ಇನ್ನೊಮ್ಮೆ ಅಪ್ಪ ಅಮ್ಮನನ್ನು ಕೂಲಿಗೆ ಕಳಿಸಲು ಬಂದು ಅಜ್ಜಿ ಜೊತೆ ಉಳಿಯುವವಳಾಗಿ ಬರೆ. ಮೊದಲನೆಯದರಲ್ಲಿ ಬಸ್ಸಿನ ಬೋರ್ಡು, ಹೊಸ ಬ್ಯಾಗಿನ ವಾಸನೆ ಬರುತ್ತದೆ. ಎರಡನೆಯದರಲ್ಲಿ ಕಂಡಕ್ಟರ್ ಸೀಟಿ ಮಾತ್ರ. ಬೇಡದ್ದು ತಾನಾಗಿ ಉದುರುತ್ತದೆ. ಎರಡನೆಯದನ್ನು ಬರೆಯಲೇಬೇಕು ಅಂತ ಯಾರಿಗೂ ಒತ್ತಾಯ ಮಾಡಬೇಡಿ. ಕೆಲವರಿಗೆ ಅದು ಪ್ರಬಂಧವಲ್ಲ, ಹೋದ ವಾರದ ಸಂಗತಿ.

ಕೋಟೆ ಹಿಂದಿನ ಮನೆ, ಬೀದರ್

ಈ ಮಾತು ಚೆನ್ನಾಗಿ ಹೇಳಿದಿರಿ.

ಕೆಂಪು ಪೆನ್ನು, ನಿವೃತ್ತ ಶಿಕ್ಷಕ

ಸ್ವಲ್ಪ ಭಿನ್ನಾಭಿಪ್ರಾಯ. ಎಲ್ಲ ಮಕ್ಕಳೂ ದೃಷ್ಟಿಕೋನದ ಮಟ್ಟಕ್ಕೆ ಬಂದಿರುವುದಿಲ್ಲ. ಎರಡು ವಾಕ್ಯ ಕೂಡಿಸಲು ಕಷ್ಟಪಡುವವನಿಗೆ ಆ ಕೋಷ್ಟಕವೇ ಊರುಗೋಲು. ಮೇಷ್ಟ್ರೇ, ಅದನ್ನು ಹರಿದು ಹಾಕಬೇಡಿ. ಕೋಷ್ಟಕ ತುಂಬಿದ ಮೇಲೆ ‘ಇದರಲ್ಲಿ ಎರಡು ಉಳಿಸಿಕೋ, ಉಳಿದದ್ದಕ್ಕೆ ಕಾಟು ಹಾಕು’ ಅನ್ನಿ. ಯಾವ ಎರಡು ಉಳಿಸಿದ, ಯಾಕೆ ಅಂತ ಕೇಳಿ. ಅಲ್ಲಿಂದ ಬರವಣಿಗೆ ಶುರು.

ಹೊರಗೆ ಕರೆದುಕೊಂಡು ಹೋಗುವುದಾದರೆ ಕಲಬುರಗಿ ಕೋಟೆಯ ಜಾಮಿ ಮಸೀದಿಗೆ ಒಮ್ಮೆ ಹೋಗಿ. 1367ರದು. ಬೇರೆ ಹೆಚ್ಚಿನ ದೊಡ್ಡ ಮಸೀದಿಗಳಲ್ಲಿ ತೆರೆದ ಅಂಗಳ ಇರುತ್ತದೆ. ಇಲ್ಲಿ ಇಡೀ ಕಟ್ಟಡಕ್ಕೆ ಗುಮ್ಮಟಗಳ ಮುಚ್ಚಿಗೆ. ಹೊರಗಿನ ಬಿಸಿಲಿನಿಂದ ಹೊಸ್ತಿಲು ದಾಟಿದರೆ ಮೊದಲು ಕಣ್ಣಿಗೆ ಕತ್ತಲೆ, ಅಂಗಾಲಿಗೆ ತಂಪು. ಕಮಾನುಗಳು ಕಾಣುವುದು ಆಮೇಲೆ. ‘ಹೊಸ್ತಿಲು ದಾಟಿದ ಮೊದಲ ಒಂದು ನಿಮಿಷ’ ಅಷ್ಟನ್ನೇ ಬರೆಯಲಿ. ಬಹಮನಿ ಇತಿಹಾಸ ಆ ಹಾಳೆಯಲ್ಲಿ ಬೇಡ, ಸಮಾಜ ವಿಜ್ಞಾನದ ಮೇಷ್ಟ್ರು ಅದನ್ನು ನೋಡಿಕೊಳ್ಳುತ್ತಾರೆ.

ಹತ್ತನೇ ಕ್ಲಾಸ್ ಅಮ್ಮ, ಕಲಬುರಗಿ

ನಿಮ್ಮ ಮಾತೆಲ್ಲ ಓದಿ ಮಗನಿಗೆ ‘ನಮ್ಮ ಅಡುಗೆಮನೆ’ ಅಂತ ಬರೆಯಲು ಹೇಳಿದೆ. ಗೈಡು ಕೊಡಲಿಲ್ಲ. ಗೊಣಗಿಕೊಂಡು ಬರೆದ. ಹಾಗೇ ಹಾಕುತ್ತಿದ್ದೇನೆ:

‘ಅಲಾರಾಂ ಬೇಕಾಗಿಲ್ಲ. ಬೆಳಗ್ಗೆ ರೊಟ್ಟಿ ಬಡಿಯುವ ಸಪ್ಪಳಕ್ಕೆ ಎಚ್ಚರ ಆಗುತ್ತದೆ. ಸಪ್ಪಳ ನಿಂತರೆ ರೊಟ್ಟಿ ಹಂಚಿನ ಮೇಲೆ ಹೋಯಿತು ಅಂತ. ಅಮ್ಮ ಬಟ್ಟೆ ಅದ್ದಿ ರೊಟ್ಟಿಗೆ ನೀರು ಸವರಿದಾಗ ಚುಂಯ್ ಅನ್ನುತ್ತದೆ. ಅಷ್ಟರಲ್ಲಿ ಹಿಟ್ಟು ಬೇಯುವ ವಾಸನೆ ನನ್ನ ಹಾಸಿಗೆ ತನಕ ಬಂದಿರುತ್ತದೆ. ಅಮ್ಮನ ಬಲಗೈ ಬೆರಳ ತುದಿ ಬಿಸಿ ತಾಗಿ ಗಟ್ಟಿಯಾಗಿದೆ. ಅವಳು ತಲೆ ಸವರಿದರೆ ಕೂದಲು ಸಿಕ್ಕಿಕೊಳ್ಳುತ್ತದೆ. ನನಗೆ ಚಪಾತಿ ಇಷ್ಟ.’

ಕೊನೆ ಸಾಲು ತೆಗೆ ಅಂದೆ. ತೆಗೆಯಲ್ಲ ಅಂತಾನೆ.

ಸುರಪುರ ಟೀಚರ್

ತೆಗೆಯಬೇಡಿ! ಅದೇ ಅವನ ಸಾಲು.

ಎರೆಮಣ್ಣು ಮೇಷ್ಟ್ರು, ಸೇಡಂ

ನಾನಾದರೆ ‘ಕೂದಲು ಸಿಕ್ಕಿಕೊಳ್ಳುತ್ತದೆ’ಗೆ ನಿಲ್ಲಿಸುತ್ತಿದ್ದೆ. ಆದರೆ ಹುಡುಗನ ಹಟಕ್ಕೂ ಒಂದು ಬೆಲೆ ಇದೆ. ಅವನ ಒಪ್ಪಿಗೆ ಇದ್ದರೆ ಇದನ್ನು ನನ್ನ ತರಗತಿಯಲ್ಲಿ ಓದಿ, ಕೊನೆ ಸಾಲು ಇರಬೇಕೋ ಬೇಡವೋ ಅಂತ ಮಕ್ಕಳಿಂದ ಕೈ ಎತ್ತಿಸುತ್ತೇನೆ.

ಹತ್ತನೇ ಕ್ಲಾಸ್ ಅಮ್ಮ, ಕಲಬುರಗಿ

ಓದಿ ಸರ್, ಹೆಸರು ಮಾತ್ರ ಹೇಳಬೇಡಿ ಅಂದ. ‘ಸಪ್ಪಳ’ ಅಂತ ಬರೆದದ್ದಕ್ಕೆ ಮಾರ್ಕ್ಸ್ ಕಟ್ ಆಗಲ್ಲ ಅಲ್ವಾ ಕೆಂಪು ಪೆನ್ನು ಸರ್?

ಕೆಂಪು ಪೆನ್ನು, ನಿವೃತ್ತ ಶಿಕ್ಷಕ

ಆಗಲ್ಲ. ಪರೀಕ್ಷೆಯಲ್ಲಿ ಪೀಠಿಕೆಗೆ ಎರಡು ಸಾಲು, ಉಪಸಂಹಾರಕ್ಕೆ ಎರಡು ಸಾಲು ಸೇರಿಸಲಿ. ನಡುವಿನದನ್ನು ಮುಟ್ಟಬೇಡಿ.

ಹುಮನಾಬಾದ್ ಬಿ.ಎಡ್.

ನಾಲ್ಕನೇ ಕ್ಲಾಸಿಗೂ ಇದನ್ನೆಲ್ಲ ಮಾಡಬಹುದಾ? ಮುಂದಿನ ವಾರ ನನ್ನ ಪಾಠ ಅವರಿಗೆ.

ತಾಂಡಾ ಶಾಲೆ, ಚಿಂಚೋಳಿ

ಮಾಡಬಹುದು. ಬರೆಸಬೇಡಿ, ಹೇಳಿಸಿ. ಚೀಲದೊಳಗೆ ಒಂದು ವಸ್ತು ಇಡಿ. ಕೈ ಹಾಕಿದವನು ಹೆಸರು ಹೇಳದೆ ಹೇಗಿದೆ ಅಂತ ಹೇಳಬೇಕು, ಉಳಿದವರು ಕಂಡುಹಿಡಿಯಬೇಕು. ತೆಂಗಿನ ನಾರು, ಜೋಳದ ತೆನೆ, ಫರಸಿ ಚೂರು, ಕಡಕ್ ರೊಟ್ಟಿ ತುಂಡು. ಫರಸಿಯ ಅಂಚು ಮೊದಲೇ ಉಜ್ಜಿಡಿ, ಕೈ ಕೊಯ್ಯುತ್ತದೆ. ರೊಟ್ಟಿಯನ್ನು ಕೊನೆಗೆ ಇಡಿ. ಮೊದಲೇ ಇಟ್ಟರೆ ಎರಡನೇ ಹುಡುಗನಿಗೆ ಉಳಿದಿರುವುದಿಲ್ಲ.